ಎರಡು ದಿನ, ಎರಡು ರಾಜಧಾನಿ

‘ದೇಶ ಸುತ್ತು, ಕೋಶ ಓದು’ ಎಂಬ ಮಾತನ್ನು ಶಾಲೆಯ ಪ್ರಬಂಧಗಳಲ್ಲಿ ಬರೆದು ಅಂಕ ಗಳಿಸದವರು ನಮ್ಮಲ್ಲಿ ವಿರಳ. ಆದರೆ ಹಿರಿಯರು ಆ ಎರಡನ್ನೂ ಒಂದೇ ಉಸಿರಿನಲ್ಲಿ ಏಕೆ ಹೇಳಿದರೆಂದು ನಾನು ಎಂದೂ ಯೋಚಿಸಿದವನಲ್ಲ. ಸುತ್ತುವವನು ಸುತ್ತಲಿ, ಓದುವವನು ಓದಲಿ, ಎರಡರಲ್ಲಿ ಒಂದಾದರೂ ಸಾಕು ಎಂದೇ ತಿಳಿದಿದ್ದೆನು. ಕಳೆದ ನವೆಂಬರ್ ತಿಂಗಳಲ್ಲಿ ಮಾಡಿದ ಎರಡು ದಿನಗಳ ಬಸ್ ಪ್ರವಾಸವೊಂದು ನನ್ನ ಈ ತಿಳಿವಳಿಕೆಯನ್ನು ತಿದ್ದಿತು. ಅದು ಹೇಗೆಂಬುದನ್ನು ಹೇಳಿ, ಅದರಿಂದ ನನ್ನಲ್ಲಿ ಹುಟ್ಟಿದ ಒಂದು ಅಭಿಪ್ರಾಯವನ್ನು ನಮ್ಮ ಕಾಲೇಜಿನ ವಿದ್ಯಾರ್ಥಿಮಿತ್ರರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಈ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ನಾನು ಈಗ ಆಸ್ಟ್ರಿಯಾ ದೇಶದ ರಾಜಧಾನಿಯಾದ ವಿಯೆನ್ನಾದಲ್ಲಿ ವಿದ್ಯಾರ್ಥಿವೇತನದ ಮೇಲೆ ಓದುತ್ತಿದ್ದೇನೆ. ಅಲ್ಲಿ ಪರದೇಶದ ವಿದ್ಯಾರ್ಥಿಗಳಿಗಾಗಿ ಶನಿವಾರ ಭಾನುವಾರಗಳಲ್ಲಿ ಅಗ್ಗದ ಬಸ್ ಪ್ರವಾಸಗಳು ಹೊರಡುತ್ತವೆ. ನೆರೆಯ ದೇಶಗಳು ನಮ್ಮ ನೆರೆಯ ಜಿಲ್ಲೆಗಳಷ್ಟೇ ಹತ್ತಿರ. ವಿಯೆನ್ನಾದಿಂದ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೆ ಸುಮಾರು 60 ಕಿಲೋಮೀಟರು; ಅಲ್ಲಿಂದ ಹಂಗೇರಿಯ ರಾಜಧಾನಿ ಬುಡಾಪೆಸ್ಟಿಗೆ ಸುಮಾರು 200 ಕಿಲೋಮೀಟರು. ಮೂರು ಊರುಗಳಿಗೂ ಡ್ಯಾನ್ಯೂಬ್ ಒಂದೇ ನದಿ. ‘ಎರಡು ದಿನ, ಎರಡು ರಾಜಧಾನಿ’ ಎಂಬ ಪ್ರಕಟಣೆಯನ್ನು ಕಂಡೊಡನೆ ನಾನು ಹಣ ಕಟ್ಟಿಬಿಟ್ಟೆನು. ಅಲ್ಲಿ ನೋಡುವುದೇನು ಎಂಬ ಯೋಚನೆ ನನಗಿರಲಿಲ್ಲ. ನೋಡಿದ ದೇಶಗಳ ಲೆಕ್ಕಕ್ಕೆ ಎರಡು ಸೇರುತ್ತವೆ ಎಂಬುದಷ್ಟೇ ನನ್ನ ಸಂತೋಷ.

ಬೆಳಗ್ಗೆ ಆರೂವರೆಗೆ ಬಸ್ಸು ಹೊರಟಿತು. ನಾನು ನಿದ್ದೆಹೋದೆನು. ಎಚ್ಚರವಾದಾಗ ನಾವು ಸ್ಲೊವಾಕಿಯಾದಲ್ಲಿದ್ದೆವು. ಗಡಿ ಯಾವಾಗ ಬಂತು, ಯಾವಾಗ ಹೋಯಿತು, ತಿಳಿಯಲೇ ಇಲ್ಲ. 1989ರವರೆಗೆ ಅದೇ ಗಡಿಯಲ್ಲಿ ಮುಳ್ಳುತಂತಿಯ ಬೇಲಿಯೂ ಬಂದೂಕು ಹಿಡಿದ ಕಾವಲೂ ಇದ್ದುವೆಂದೂ, ಅದನ್ನು ದಾಟಲು ಹೋಗಿ ಜನರು ಪ್ರಾಣ ಕಳೆದುಕೊಂಡರೆಂದೂ ಆಮೇಲೆ ಓದಿ ತಿಳಿದೆನು. ಸ್ಲೊವಾಕಿಯಾ, ಹಂಗೇರಿಗಳು ಷೆಂಗೆನ್ ಒಪ್ಪಂದದ ವ್ಯಾಪ್ತಿಗೆ ಬಂದು ಅಲ್ಲಿನ ತಪಾಸಣೆ ನಿಂತುದು 2007ರ ಡಿಸೆಂಬರಿನಲ್ಲಿ. ಒಂದು ತಲೆಮಾರು ಪ್ರಾಣವನ್ನು ಪಣವಾಗಿಟ್ಟು ದಾಟಿದ ಗೆರೆಯನ್ನು ನಾನು ಗೊರಕೆ ಹೊಡೆಯುತ್ತ ದಾಟಿದ್ದೆನು!

ಬ್ರಾಟಿಸ್ಲಾವಾದಲ್ಲಿ ನಮಗೆ ದೊರೆತುದು ಎರಡು ಗಂಟೆ. ಬೆಟ್ಟದ ಮೇಲಿನ ಕೋಟೆಗೆ ಏದುಸಿರು ಬಿಡುತ್ತ ಹತ್ತಿದೆವು. ಅಷ್ಟೇ ವೇಗವಾಗಿ ಇಳಿದೆವು. ಈ ಊರನ್ನು ಜರ್ಮನರು ಪ್ರೆಸ್‌ಬುರ್ಗ್ ಎಂದೂ ಹಂಗೇರಿಯವರು ಪೊಜೋನಿ ಎಂದೂ ಕರೆದರು. ಬ್ರಾಟಿಸ್ಲಾವಾ ಎಂಬ ಹೆಸರು ನಿಂತುದು 1919ರಲ್ಲಿ. 1563ರಿಂದ 1830ರವರೆಗೆ ಹಂಗೇರಿಯ ದೊರೆಗಳಿಗೆ ಕಿರೀಟಧಾರಣೆಯಾದುದು ಇಲ್ಲಿನ ಸಂತ ಮಾರ್ಟಿನ್ನನ ದೇವಾಲಯದಲ್ಲಿ. ಮರಿಯಾ ಥೆರೇಸಾ ರಾಣಿಯು 1741ರಲ್ಲಿ ಇಲ್ಲಿಯೇ ಕಿರೀಟ ತೊಟ್ಟಳು. ಆ ದೇವಾಲಯದ ಬಾಗಿಲಲ್ಲಿ ನಿಂತು ನಾನು ಮಾಡಿದ್ದೇನು? ನಮ್ಮ ಮಾರ್ಗದರ್ಶಿಯ ಕೈಯಲ್ಲಿದ್ದ ಹಳದಿ ಕೊಡೆ ಯಾವ ಕಡೆ ಹೋಯಿತೆಂದು ಹುಡುಕಿದ್ದು. ಆ ಊರಿನಿಂದ ನನ್ನ ಕಣ್ಣಲ್ಲಿ ಚೆನ್ನಾಗಿ ಉಳಿದಿರುವುದು ಆ ಕೊಡೆಯೊಂದೇ ಎಂದು ಹೇಳಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಒಂದು ಗಂಟೆಗೆ ಬುಡಾಪೆಸ್ಟನ್ನು ಸೇರಿದೆವು. ಅದು ನಿಜಕ್ಕೂ ಮನೋಹರವಾದ ನಗರ. ನದಿಯ ಒಂದು ದಡದಲ್ಲಿ ಗುಡ್ಡದ ಮೇಲಿನ ಬುಡಾ, ಇನ್ನೊಂದು ದಡದಲ್ಲಿ ಬಯಲಿನ ಪೆಸ್ಟ್. ಬುಡಾ, ಪೆಸ್ಟ್, ಓಬುಡಾ ಎಂಬ ಮೂರು ಊರುಗಳು 1873ರಲ್ಲಿ ಒಂದಾದುವು. ಎರಡು ದಡಗಳನ್ನು ಮೊದಲು ಶಾಶ್ವತವಾಗಿ ಜೋಡಿಸಿದ ಸರಪಳಿ ಸೇತುವೆ 1849ರದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಜರ್ಮನ್ ಸೈನ್ಯ ಅದನ್ನು ಸಿಡಿಸಿತು. ನೂರು ವರ್ಷ ತುಂಬಿದ 1949ರಲ್ಲಿ ಅದು ಮತ್ತೆ ತೆರೆಯಿತು. ಮಾರ್ಗದರ್ಶಿಯು ಸಂಸತ್ ಭವನದ ಎತ್ತರ 96 ಮೀಟರೆಂದು ಹೇಳಿದನು. ನಾವು ತಲೆಯೆತ್ತಿ ಒಪ್ಪಿಕೊಂಡೆವು. ಬಳಿಕ ‘ನದಿಯ ದಡದಲ್ಲಿ ಹದಿನೈದು ನಿಮಿಷ, ಚಿತ್ರ ತೆಗೆದುಕೊಳ್ಳಿ’ ಎಂದನು.

ದಡದ ಕಲ್ಲಿನ ಅಂಚಿನಲ್ಲಿ ಸಾಲಾಗಿ ಜೋಡುಗಳನ್ನು ಇಟ್ಟಿತ್ತು. ಎಲ್ಲವೂ ಕಬ್ಬಿಣದವು. ಗಂಡಸರವು, ಹೆಂಗಸರವು, ಮಕ್ಕಳವೂ ಇದ್ದುವು. ಏನೋ ತಮಾಷೆಯ ಕಲಾಕೃತಿಯೆಂದು ನಾನು ತಿಳಿದೆನು. ನನ್ನ ಬೂಟನ್ನು ಬಿಚ್ಚಿ ಅವುಗಳ ಸಾಲಿನಲ್ಲಿಟ್ಟು, ಪಕ್ಕದಲ್ಲಿ ಕುಳಿತು, ಹಲ್ಲು ಕಿರಿದು ಚಿತ್ರ ತೆಗೆಸಿಕೊಂಡೆನು. ಅದನ್ನು ಆಗಲೇ ಫೋನಿನಲ್ಲಿ ಊರಿಗೆ ಕಳುಹಿಸಿದೆನು.

ಸಂಜೆ ಐದೂವರೆಯ ಹೊತ್ತಿಗೆ ಅಪ್ಪನ ಕರೆ ಬಂತು. ಊರಿನಲ್ಲಿ ಆಗ ರಾತ್ರಿ ಹತ್ತು ಗಂಟೆ. ಬೇಗ ಮಲಗುವ ಅಪ್ಪ ನನಗಾಗಿ ಎಚ್ಚರವಿದ್ದರು. ಚಿತ್ರವನ್ನು ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿಯಾಗಿತ್ತಂತೆ. ಅವರು ಕೇಳಿದರು:

“ಅಲ್ಲಪ್ಪಾ, ಹೊಳೆಯ ದಂಡೆಯಲ್ಲಿ ಅಷ್ಟೊಂದು ಜೋಡುಗಳಿವೆಯಲ್ಲ, ಯಾರವು? ಅಷ್ಟು ಚಳಿಯಲ್ಲಿ ಸ್ನಾನಕ್ಕೆ ಇಳಿದಿದ್ದಾರೆಯೇ? ನೀರಿನಲ್ಲಿ ಒಬ್ಬರೂ ಕಾಣುವುದಿಲ್ಲವಲ್ಲ?”

ನಮ್ಮ ಹೊಳೆಯ ಮೆಟ್ಟಿಲುಗಳ ಮೇಲೆ ಜೋಡು ಕಂಡರೆ, ಅವುಗಳ ಒಡೆಯರು ನೀರಿನಲ್ಲಿದ್ದಾರೆ, ಇನ್ನೇನು ಮೇಲೆ ಬರುತ್ತಾರೆ ಎಂದು ಅರ್ಥ. ಅಪ್ಪ ಕೇಳಿದುದು ಅಷ್ಟು ಸಹಜವಾದ ಪ್ರಶ್ನೆ. ನನ್ನಲ್ಲಿ ಉತ್ತರವಿರಲಿಲ್ಲ. “ವಿಚಾರಿಸಿ ಹೇಳುತ್ತೇನೆ, ಅಪ್ಪ” ಎಂದೆನು.

ನಮ್ಮ ಬಸ್ಸಿನಲ್ಲಿ ಸ್ವಯಂಸೇವಕಿಯಾಗಿ ಬಂದಿದ್ದ ಹಂಗೇರಿಯ ವಿದ್ಯಾರ್ಥಿನಿಯೊಬ್ಬಳನ್ನು ವಿಚಾರಿಸಿದೆನು. ಅವಳು ಒಂದು ಗಳಿಗೆ ನನ್ನ ಮುಖವನ್ನು ನೋಡಿ, ಆಮೇಲೆ ಹೇಳಿದಳು. 1944ರ ಅಕ್ಟೋಬರಿನಲ್ಲಿ ಜರ್ಮನರ ಬೆಂಬಲದಿಂದ ಆರೋ ಕ್ರಾಸ್ ಎಂಬ ಪಕ್ಷವು ಅಧಿಕಾರಕ್ಕೆ ಬಂದಿತು. ಆ ಚಳಿಗಾಲದಲ್ಲಿ ಅದರ ಬಂಟರು ಯೆಹೂದ್ಯರನ್ನು ನದಿಯ ದಡಕ್ಕೆ ತಂದು ನಿಲ್ಲಿಸಿ, ಗುಂಡಿಟ್ಟು ಕೊಂದರು; ದೇಹಗಳು ನೀರಿಗೆ ಬಿದ್ದು ಕೊಚ್ಚಿಹೋದುವು. ಕೊಲ್ಲುವ ಮೊದಲು ಜೋಡುಗಳನ್ನು ಬಿಚ್ಚಿಸುತ್ತಿದ್ದರು. ಯುದ್ಧಕಾಲದಲ್ಲಿ ಜೋಡಿಗೆ ಬೆಲೆಯಿತ್ತು, ಮನುಷ್ಯನಿಗಿರಲಿಲ್ಲ. ಅವರ ನೆನಪಿಗಾಗಿ ಚಲನಚಿತ್ರ ನಿರ್ದೇಶಕ ಜಾನ್ ಟೊಗಾಯ್ ಮತ್ತು ಶಿಲ್ಪಿ ಜ್ಯುಲಾ ಪೌವರ್ ಎಂಬುವರು 60 ಜೊತೆ ಕಬ್ಬಿಣದ ಜೋಡುಗಳನ್ನು 2005ರಲ್ಲಿ ಅಲ್ಲಿ ನೆಟ್ಟರು.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವರು ನೀರಿಗೆ ಇಳಿದವರೇ. ಆದರೆ ಮೇಲೆ ಬರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಭಾನುವಾರ ಬೆಳಗ್ಗೆ ಉಳಿದವರು ಬುಡಾದ ಕೋಟೆಯನ್ನು ನೋಡಲು ಹೋದಾಗ ನಾನು ಒಬ್ಬನೇ ನದಿಯ ದಡಕ್ಕೆ ಹೋದೆನು. ಯಾರೋ ಒಂದು ಮಗುವಿನ ಜೋಡಿನೊಳಗೆ ಹೂವಿಟ್ಟು ಹೋಗಿದ್ದರು. ಅಲ್ಲಿಯೇ ಲೋಹದ ಫಲಕವಿದೆ. ಸಂಗತಿಯನ್ನು ಹಂಗೇರಿ, ಹೀಬ್ರೂ ಭಾಷೆಗಳಲ್ಲಲ್ಲದೆ ಇಂಗ್ಲಿಷಿನಲ್ಲಿಯೂ ಬರೆದಿದೆ. ಹಿಂದಿನ ದಿನ ನಾನು ಕುಳಿತು ನಕ್ಕಿದ್ದುದು ಅದರಿಂದ ಹೆಚ್ಚು ದೂರದಲ್ಲಲ್ಲ. ಓದು ಬಲ್ಲವನಾಗಿದ್ದೂ ಓದಿರಲಿಲ್ಲ. ಸುಮಾರು ಒಂದು ಗಂಟೆ ಅಲ್ಲಿ ನಿಂತಿದ್ದೆನು. ಬುಡಾದ ಕೋಟೆಯನ್ನು ನಾನು ನೋಡಲಿಲ್ಲ. ಅದಕ್ಕಾಗಿ ನನಗೆ ವ್ಯಸನವೂ ಇಲ್ಲ.

ಹಿಂದಿರುಗುವಾಗ ಅದೇ ವಿದ್ಯಾರ್ಥಿನಿಯ ಪಕ್ಕದಲ್ಲಿ ಕುಳಿತು ಅವಳ ಭಾಷೆಯ ವಿಷಯ ಕೇಳಿದೆನು. ಹಂಗೇರಿ ಭಾಷೆಯು ಜರ್ಮನ್, ಸ್ಲೊವಾಕ್ ಭಾಷೆಗಳ ಕುಲಕ್ಕೆ ಸೇರಿದುದಲ್ಲ. ‘ಹಾಜ್’ ಎಂದರೆ ಮನೆ. ‘ಹಾಜಕ್’ ಎಂದರೆ ಮನೆಗಳು. ‘ಹಾಜಕ್‌ಬನ್’ ಎಂದರೆ ಮನೆಗಳಲ್ಲಿ. ನಮ್ಮ ಕನ್ನಡದಂತೆಯೇ ಮೊದಲು ಬಹುವಚನ, ಅದರ ಮೇಲೆ ವಿಭಕ್ತಿ! ಎರಡು ಭಾಷೆಗಳಿಗೂ ನಂಟಿಲ್ಲ. ಆದರೂ ಕಟ್ಟುವ ಬಗೆ ಒಂದೇ. ಇದನ್ನು ಕೇಳಿ ನನಗಾದ ಸಂತೋಷ ಯಾವ ಅರಮನೆಯನ್ನು ಕಂಡಾಗಲೂ ಆಗಿರಲಿಲ್ಲ. ಹೋಗುವಾಗಲೂ ಅವಳು ಮೂರು ಸೀಟುಗಳ ಮುಂದೆಯೇ ಕುಳಿತಿದ್ದಳು, ನಾನು ಮಾತನಾಡಿಸಿರಲಿಲ್ಲ. ಆಸ್ಟ್ರಿಯಾದ ಗಡಿಯಲ್ಲಿ ಬಸ್ಸನ್ನು ನಿಲ್ಲಿಸಿ ಎಲ್ಲರ ಗುರುತುಪತ್ರಗಳನ್ನು ನೋಡಿದರು. ಈ ಸಲ ನಾನು ಎಚ್ಚರವಾಗಿದ್ದೆನು.

ಇಷ್ಟನ್ನು ಕೇಳಿ, ‘ಹಾಗಾದರೆ ಇಂಥ ಪ್ರವಾಸಗಳೇ ಬೇಡ’ ಎಂದು ಯಾರಾದರೂ ತೀರ್ಮಾನಿಸಿದರೆ ಅದು ನನ್ನ ಮತವಲ್ಲ. ಹತ್ತು ದಿನ ಹೋಟೆಲಿನಲ್ಲಿ ಇಳಿದು ನಿಧಾನವಾಗಿ ನೋಡುವ ಅನುಕೂಲ ನನ್ನಂಥವನಿಗೆ ಎಲ್ಲಿಂದ ಬರಬೇಕು? ಅಗ್ಗದ ಬಸ್ಸು ಬಡ ವಿದ್ಯಾರ್ಥಿಯ ಪುಷ್ಪಕ ವಿಮಾನ. ಆ ಬಸ್ಸು ಇಲ್ಲದಿದ್ದರೆ ಆ ಜೋಡುಗಳನ್ನು ನಾನು ತಪ್ಪಾಗಿಯೂ ನೋಡುತ್ತಿರಲಿಲ್ಲ. ಮಾರ್ಗದರ್ಶಿಯನ್ನು ದೂರಿಯೂ ಫಲವಿಲ್ಲ. ಪಟ್ಟಿಯಲ್ಲಿರುವ ಸ್ಥಳಗಳನ್ನೆಲ್ಲ ಮುಗಿಸದಿದ್ದರೆ ಮೊದಲು ಗೊಣಗುವವರು ನಾವೇ. ದೋಷವಿರುವುದು ಊರುಗಳನ್ನು ಎಣಿಸುವ ನಮ್ಮ ಬುದ್ಧಿಯಲ್ಲಿ. ಎಣಿಸುವವನಿಗೆ ಎಲ್ಲ ಊರೂ ಒಂದೇ. ಅರಮನೆಯೂ ಒಂದು, ಸ್ಮಶಾನವೂ ಒಂದು. ಅವನು ಎರಡು ಕಡೆಯೂ ಒಂದೇ ನಗೆ ನಕ್ಕು ಚಿತ್ರ ತೆಗೆಸಿಕೊಳ್ಳುತ್ತಾನೆ.

ಈ ಬುದ್ಧಿಯನ್ನು ನಾನು ಯುರೋಪಿನಲ್ಲಿ ಕಲಿತುದಲ್ಲ. ಎರಡನೆಯ ಬಿ.ಎ.ಯಲ್ಲಿದ್ದಾಗ ನಮ್ಮ ಕಾಲೇಜಿನಿಂದ ಬೇಲೂರು, ಹಳೇಬೀಡು, ಶ್ರವಣಬೆಳಗೊಳಗಳನ್ನು ಒಂದೇ ದಿನದಲ್ಲಿ ಮುಗಿಸಿದ್ದೆವು. ‘ಮುಗಿಸಿದೆವು’ ಎಂಬ ಶಬ್ದವನ್ನೇ ಆಗಲೂ ಬಳಸಿದ ನೆನಪು. ಬೇಲೂರಿನ ಶಿಲ್ಪಗಳಲ್ಲಿ ದಾಸೋಜ, ಚಾವಣ ಮೊದಲಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ನಾನು ಒಂದು ಹೆಸರನ್ನೂ ಹುಡುಕಲಿಲ್ಲ. ನಮ್ಮ ನಾಡಿನ ಬರಹವನ್ನು ಓದದೆ ಬಂದವನು ಪರನಾಡಿನ ಫಲಕವನ್ನು ಓದುವನೆಂದು ನಂಬುವುದು ಹೇಗೆ?

ಆದುದರಿಂದ ಪ್ರವಾಸ ಹೊರಡುವ ಮಿತ್ರರಲ್ಲಿ ನನ್ನದು ಮೂರು ಬಿನ್ನಹ. ಮೊದಲನೆಯದು, ಪಟ್ಟಿಯಲ್ಲಿ ಮೂರು ಊರಿದ್ದರೆ ಎರಡನ್ನು ಹೊಡೆದುಹಾಕಿ. ಎರಡನೆಯದು, ಹೊರಡುವ ಹಿಂದಿನ ಸಂಜೆ ಎಲ್ಲರೂ ಒಟ್ಟಿಗೆ ಕುಳಿತು ಆ ಊರಿನ ವಿಷಯ ಒಂದು ಗಂಟೆ ಓದಿ, ಅಧ್ಯಾಪಕರನ್ನೇ ಕಾಯಬೇಕಾಗಿಲ್ಲ. ಮೂರನೆಯದು, ಹೋದಲ್ಲಿ ಸ್ಥಳದವರೊಬ್ಬರನ್ನಾದರೂ ಮಾತನಾಡಿಸಿ, ಅಪ್ಪ ಕೇಳಿದಂಥ ಒಂದು ಪ್ರಶ್ನೆಯನ್ನು ಕೇಳಿ: ಇದು ಯಾರದು? ಅವರು ಎಲ್ಲಿಗೆ ಹೋದರು?

ಅಪ್ಪನಿಗೆ ಆ ಭಾನುವಾರ ರಾತ್ರಿಯೇ ಎಲ್ಲವನ್ನೂ ಹೇಳಿದೆನು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನಾಳೆ ಅಕ್ಕಪಕ್ಕದವರಿಗೂ ಇದನ್ನು ಹೇಳಬೇಕು. ಅವರೂ ನಕ್ಕರು, ಪಾಪ” ಎಂದರು. ಆ ಚಿತ್ರವನ್ನು ನಾನು ಅಳಿಸಿಹಾಕಿಲ್ಲ. ಮುಂದಿನ ಪ್ರವಾಸಕ್ಕೆ ಹೊರಡುವ ಮುನ್ನ ಒಮ್ಮೆ ತೆಗೆದು ನೋಡಬೇಕೆಂದು ಇಟ್ಟುಕೊಂಡಿದ್ದೇನೆ.