ನೆಲದಿಂದ ಏಳುವ ನೇಮ

ಶರಣರು ಕಾಯವನ್ನು ಹೀನವೆಂದು ಕಡೆಗಣಿಸಿದವರಲ್ಲ. ಕಾಯವಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ. ಇಷ್ಟಲಿಂಗವನ್ನು ಧರಿಸುವುದು ಈ ಕಾಯದ ಮೇಲೆ. ಪೂಜಿಸುವುದು ಇದೇ ಕೈಯ ಅಂಗಳದಲ್ಲಿ. ಆದುದರಿಂದ ಕಾಯದ ಶಕ್ತಿಯನ್ನು ಉಳಿಸಿಕೊಳ್ಳುವುದು ಮತ್ತು ಸಾಧ್ಯವಾದಷ್ಟು ಬೆಳೆಸಿಕೊಳ್ಳುವುದು ಭಕ್ತನಿಗೆ ಧರ್ಮಕ್ಕೆ ಹೊರತಾದ ವಿಷಯವಲ್ಲ.

ಇತ್ತೀಚೆಗೆ ಪ್ರವಚನಗಳಿಗೆ ಬರುವ ಸದ್ಭಕ್ತರು ಒಂದು ಬದಲಾವಣೆಯನ್ನು ಗಮನಿಸಿರಬಹುದು. ಜಮಖಾನೆಯ ಮೇಲೆ ಕುಳಿತುಕೊಳ್ಳುವವರು ಕಡಿಮೆಯಾಗಿ, ಗೋಡೆಯ ಬದಿಯ ಕುರ್ಚಿಗಳ ಸಾಲು ಉದ್ದವಾಗುತ್ತಿದೆ. ಪ್ರಸಾದದ ಪಂಕ್ತಿಯಲ್ಲಿ ಮೇಜಿನ ಸ್ಥಳವನ್ನು ಹುಡುಕುವವರಲ್ಲಿ ಐವತ್ತು ದಾಟದವರೂ ಇದ್ದಾರೆ. ಕುರ್ಚಿಯಲ್ಲಿ ಕೂರುವುದು ದೋಷವಲ್ಲ. ಆದರೆ ‘ಇನ್ನು ನನ್ನಿಂದ ನೆಲದ ಮೇಲೆ ಕೂರಲಾಗದು’ ಎಂಬ ತೀರ್ಮಾನವು ಎಷ್ಟು ಮಂದಿಯ ವಿಷಯದಲ್ಲಿ ವೈದ್ಯರು ಪರೀಕ್ಷಿಸಿ ಹೇಳಿದ್ದು, ಎಷ್ಟು ಮಂದಿಯ ವಿಷಯದಲ್ಲಿ ತಾವೇ ಕೈಗೊಂಡದ್ದು ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಈ ತೀರ್ಮಾನ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಒಮ್ಮೆ ಏಳುವಾಗ ಮಂಡಿ ಹಿಡಿಯುತ್ತದೆ. ಮರುದಿನ ಮಗನು ಕೈ ಕೊಟ್ಟು ಎತ್ತುತ್ತಾನೆ. ಮೂರನೆಯ ದಿನ ಸೊಸೆಯು ‘ಅತ್ತೆ, ನೀವು ಏಳಬೇಡಿ, ನಾನೇ ತಂದುಕೊಡುತ್ತೇನೆ’ ಎನ್ನುತ್ತಾಳೆ. ಎಲ್ಲವೂ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಬಳಸದ ಸ್ನಾಯು ಕರಗುತ್ತದೆ. ಕರಗಿದ ಸ್ನಾಯುವಿನಿಂದ ಏಳುವುದು ಇನ್ನಷ್ಟು ಕಷ್ಟ. ಕಷ್ಟವಾದುದರಿಂದ ಏಳುವುದು ಇನ್ನಷ್ಟು ಕಡಿಮೆ. ಕೆಲವೇ ವರ್ಷಗಳಲ್ಲಿ ಮನೆಯೊಳಗಿನ ಲೋಕವು ಮಂಚ, ಕುರ್ಚಿ, ಬಚ್ಚಲು ಎಂಬ ಮೂರು ಸ್ಥಳಗಳಿಗೆ ಕುಗ್ಗುತ್ತದೆ. ಒಂದು ದಿನ ಬಚ್ಚಲಲ್ಲಿ ಕಾಲು ಜಾರಿದರೆ ತಡೆದುಕೊಳ್ಳುವ ಬಲವೂ ತೊಡೆಯಲ್ಲಿ ಉಳಿದಿರುವುದಿಲ್ಲ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಹಿರಿಯರ ಕಥೆಯನ್ನು ಅರಿಯದ ಮನೆ ನಮ್ಮಲ್ಲಿ ವಿರಳ.

ಇದಕ್ಕೆ ವಯಸ್ಸೇ ಕಾರಣವೆಂದು ನಾವು ನಂಬುತ್ತೇವೆ. ವಯಸ್ಸು ಒಂದು ಕಾರಣ ಹೌದು, ಅದೊಂದೇ ಕಾರಣವಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಸ್ಮರಣೀಯ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ವಾಸವಾಗಿದ್ದ, 86ರಿಂದ 96 ವರ್ಷದೊಳಗಿನ ದುರ್ಬಲರಾದ ಹತ್ತು ಮಂದಿಗೆ ಎಂಟು ವಾರಗಳ ಕಾಲ, ವಾರಕ್ಕೆ ಮೂರು ದಿನ, ಕಾಲಿನ ಸ್ನಾಯುಗಳಿಗೆ ಭಾರ ಎತ್ತುವ ವ್ಯಾಯಾಮವನ್ನು ನೀಡಲಾಯಿತು. ಪೂರ್ಣಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲವು ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಎಂದರೆ ಮೊದಲಿದ್ದುದರ ಎರಡೂವರೆ ಪಟ್ಟಿಗೂ ಅಧಿಕವಾಯಿತು. ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ವ್ಯಾಯಾಮವನ್ನು ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಆ ಬಲದಲ್ಲಿ ಸುಮಾರು ಮೂರನೆಯ ಒಂದು ಭಾಗ ಕುಂದಿತೆಂಬುದೂ ಅದೇ ಅಧ್ಯಯನದಲ್ಲಿ ಕಂಡ ಸತ್ಯ. ಮೊದಲನೆಯದು ಆಸೆಯನ್ನು ಹುಟ್ಟಿಸುತ್ತದೆ, ಎರಡನೆಯದು ನೇಮದ ಅಗತ್ಯವನ್ನು ತಿಳಿಸುತ್ತದೆ.

ತೊಂಬತ್ತರ ದೇಹಕ್ಕೆ ಇದು ಸಾಧ್ಯವಾದರೆ ಅರವತ್ತರ ದೇಹ ಏಕೆ ಮೊದಲೇ ಸೋಲೊಪ್ಪಿಕೊಳ್ಳಬೇಕು? ಅನೇಕ ವೇಳೆ ದೇಹಕ್ಕಿಂತ ಮೊದಲು ಕುಗ್ಗುವುದು ನಂಬಿಕೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರು 1977ರಲ್ಲಿ ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆಯ ಮೂಲಗಳನ್ನು ವಿವೇಚಿಸಿದರು. ನಮ್ಮಂತಹವರು ಮಾಡಿದ್ದನ್ನು ಕಾಣುವುದು, ಹಿತೈಷಿಗಳ ಪ್ರೋತ್ಸಾಹ, ದೇಹ ಮತ್ತು ಮನಸ್ಸಿನ ಸ್ಥಿತಿ ಇವೆಲ್ಲವೂ ಅದಕ್ಕೆ ನೆರವಾಗುತ್ತವೆ. ಆದರೆ ಎಲ್ಲಕ್ಕಿಂತ ಬಲವಾದದ್ದು ತಾನೇ ಮಾಡಿ ಗೆದ್ದ ಅನುಭವ. ಆದ್ದರಿಂದ ಧೈರ್ಯ ಬಂದ ಮೇಲೆ ಮಾಡುತ್ತೇನೆಂದು ಕಾಯುವುದು ತಿರುವುಮುರುವಾದ ಮಾತು. ಚಿಕ್ಕದೊಂದನ್ನು ಮಾಡಿದರೆ ಧೈರ್ಯ ಬರುತ್ತದೆ. ಆ ಧೈರ್ಯ ಮುಂದಿನದನ್ನು ಮಾಡಿಸುತ್ತದೆ.

‘ಆರೋಗ್ಯವಾಗಿರಬೇಕು’ ಎಂಬುದು ಹಾರೈಕೆ, ಗುರಿಯಲ್ಲ. ಗುರಿಗೆ ರೂಪವಿರಬೇಕು, ಅವಧಿಯಿರಬೇಕು. ಅದು ಇಂದಿನ ಶಕ್ತಿಗಿಂತ ತುಸು ಮೇಲಿರಬೇಕು. ಅಂತಹ ಒಂದು ಗುರಿಯನ್ನು ಇಲ್ಲಿ ಸೂಚಿಸುತ್ತೇನೆ: ಬರುವ ಶ್ರಾವಣದಲ್ಲಿ ಆರಂಭಿಸಿ, ಮಹಾಶಿವರಾತ್ರಿಯ ಹೊತ್ತಿಗೆ ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡಿ, ಯಾರ ಕೈಯನ್ನೂ ಹಿಡಿಯದೆ ಏಳುವುದು.

ಮಾರ್ಗ ಸರಳವಾಗಿದೆ. ಅಲುಗಾಡದ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ ಇಡಬೇಕು. ಅಗತ್ಯವಿದ್ದರೆ ದಿಂಬು ಹಾಕಿ ಎತ್ತರಿಸಬಹುದು. ಕೈಗಳ ಆಸರೆಯಿಲ್ಲದೆ ನಿಧಾನವಾಗಿ ಎದ್ದು, ಅಷ್ಟೇ ನಿಧಾನವಾಗಿ ಕೂರಬೇಕು. ಏಳುವಾಗ ಉಸಿರನ್ನು ಬಿಗಿಹಿಡಿಯಬಾರದು. ಮೊದಲು ಐದು ಸಲ. ಅದು ಸುಲಭವಾದ ಮೇಲೆ ಹತ್ತು ಸಲ. ಅನಂತರ ದಿಂಬನ್ನು ತೆಗೆಯಬೇಕು. ಮುಂದೆ ಗಿಡ್ಡ ಸ್ಟೂಲು, ಬಳಿಕ ಒಂದರ ಮೇಲೊಂದು ಭದ್ರವಾಗಿ ಇಟ್ಟ ಎರಡು ಮಣೆ, ಆಮೇಲೆ ಒಂದೇ ಮಣೆ, ಕೊನೆಗೆ ನೆಲ. ಮಣೆಯ ಹಂತದಿಂದ ಮುಂದಕ್ಕೆ ಮೊದಮೊದಲು ಗೋಡೆಯ ಅಥವಾ ಕುರ್ಚಿಯ ಆಸರೆ ಇರಲಿ, ಬಳಿಯಲ್ಲಿ ಮನೆಯವರೊಬ್ಬರು ನಿಂತಿರಲಿ. ಒಂದು ಹಂತಕ್ಕೆ ಮೂರು ವಾರ ಹಿಡಿದರೂ ಆತುರ ಬೇಡ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮತ್ತು 150 ನಿಮಿಷಗಳ ಸಾಧಾರಣ ಬಿರುಸಿನ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆ ನೀಡಿದೆ. ಜೊತೆಗೆ ಬೇಳೆ, ಮೊಳಕೆಕಾಳು, ಹಾಲು, ಮೊಸರು ಊಟದಲ್ಲಿ ಇರಲಿ. ಅನ್ನ ಸಾರಷ್ಟರಿಂದಲೇ ಸ್ನಾಯು ಬೆಳೆಯದು. ಮೂತ್ರಪಿಂಡದ ತೊಂದರೆಯಿರುವವರು ಆಹಾರದ ಬದಲಾವಣೆಯನ್ನು ವೈದ್ಯರನ್ನು ಕೇಳಿಯೇ ಮಾಡಬೇಕು.

ಮರುದಿನ ತೊಡೆ ಸ್ವಲ್ಪ ನೋಯುವುದು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ ಕಂಡರೆ ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೃದ್ರೋಗಿಗಳು, ಮೂಳೆ ಸವೆದವರು, ಮಂಡಿಯ ಕೀಲು ಬದಲಾಯಿಸಿಕೊಂಡವರು ಮೊದಲೇ ಕೇಳಿ ಆರಂಭಿಸುವುದು ಕ್ಷೇಮ. ಕೆಲವರಿಗೆ ನೆಲ ನಿಷಿದ್ಧವೇ ಆಗಿರಬಹುದು. ಅವರ ಗುರಿ ಕುರ್ಚಿಯಿಂದ ಆಸರೆಯಿಲ್ಲದೆ ಏಳುವುದಾಗಲಿ, ಅಥವಾ ಮನೆಯಿಂದ ಮಠದ ಬಾಗಿಲವರೆಗೆ ನಡೆಯುವುದಾಗಲಿ. ಕುರ್ಚಿಯ ಮೇಲಿನ ಪೂಜೆ ಶಿವನಿಗೆ ಕಡಿಮೆಯ ಪೂಜೆಯಲ್ಲ. ಗುರಿಯ ಎತ್ತರವನ್ನು ನೆರೆಮನೆಯವರ ದೇಹದಿಂದ ಅಳೆಯಬಾರದು. ನಮ್ಮ ನಿನ್ನೆಯಿಂದ ಅಳೆಯಬೇಕು.

‘ಶಿವನಿಟ್ಟಂತೆ ಇರುವುದು ಭಕ್ತಿ, ಹೀಗೆ ಗುರಿ ಹಾಕಿಕೊಳ್ಳುವುದು ಅಹಂಕಾರವಲ್ಲವೇ?’ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಗಳಿಕೆಯಲ್ಲಿ ತೃಪ್ತಿಯಿರಬೇಕು, ಫಲದಲ್ಲಿ ಸಮಚಿತ್ತವಿರಬೇಕು. ಆದರೆ ಶರಣರು ಕಾಯಕದಲ್ಲಿ ‘ಇಷ್ಟು ಸಾಕು’ ಎಂದವರಲ್ಲ. ಪ್ರಯತ್ನ ನಮ್ಮದು, ಫಲ ಶಿವನದು. ಪ್ರಯತ್ನಿಸದೆಯೇ ಫಲವಿಲ್ಲವೆಂದು ನಾವೇ ನಿರ್ಣಯಿಸಿದರೆ ಅದು ಶರಣಾಗತಿಯಲ್ಲ, ಶಿವನ ಪರವಾಗಿ ನಾವು ಕೊಟ್ಟ ತೀರ್ಪು. ತುಮಕೂರಿನ ಸಿದ್ಧಗಂಗೆಯ ಲಿಂಗೈಕ್ಯ ಡಾ. ಶಿವಕುಮಾರ ಸ್ವಾಮಿಗಳು ನೂರು ವರ್ಷ ದಾಟಿದ ಮೇಲೂ ಪೂಜೆಯ ನೇಮವನ್ನು ಬಿಡದೆ ನಡೆಸಿದುದನ್ನು ನಾಡು ಕಂಡಿದೆ. ಅವರಷ್ಟು ಆಯುಷ್ಯ ಎಲ್ಲರಿಗೂ ಬಾರದು. ಆದರೆ ನೇಮವು ಎಲ್ಲರಿಗೂ ತೆರೆದ ಬಾಗಿಲು.

ಮನೆಯ ಕಿರಿಯರಿಗೆ ಒಂದು ಮಾತು. ಅಪ್ಪಾಜಿ ಏಳಲು ಹೆಣಗುವಾಗ ಓಡಿಹೋಗಿ ಎತ್ತುವುದು ಸುಲಭ. ಬಳಿಯಲ್ಲಿ ನಿಂತು, ಬೀಳದಂತೆ ಕಾಯುತ್ತಾ, ಅವರೇ ಏಳುವವರೆಗೆ ತಾಳುವುದು ಕಷ್ಟ. ಆ ಕಷ್ಟದ ಸೇವೆಯನ್ನು ಕಲಿಯಿರಿ. ಅವ್ವನಿಂದ ಕಾಯಿಪಲ್ಯ ಸೋಸುವ, ಹೂ ಬಿಡಿಸುವ ಕೆಲಸವನ್ನು ಕಸಿದುಕೊಳ್ಳಬೇಡಿ.

ತನ್ನ ಬಲದಿಂದ ಎದ್ದು ನಿಂತವರಿಗೆ ಲೋಕ ಮತ್ತೆ ಹಿಗ್ಗುತ್ತದೆ. ಅಂಗಳಕ್ಕೆ ಹೋಗಬಹುದು, ಮೊಮ್ಮಗಳ ಜೊತೆ ನೆಲದ ಮೇಲೆ ಕುಳಿತು ಆಡಬಹುದು, ಜಾತ್ರೆಗೆ ಬಂದು ಗದ್ದುಗೆಯ ಮೆಟ್ಟಿಲನ್ನು ಏರಬಹುದು. ಬರುವ ಮಹಾಶಿವರಾತ್ರಿಯಂದು ಮಠದ ಜಮಖಾನೆಯ ಮೇಲೆ ಇನ್ನಷ್ಟು ಹಿರಿಯರನ್ನು ಕಾಣುವಂತಾಗಲಿ.