ಬಿಸಿಲಿಗೆ ಕೆರಳುವ ಚರ್ಮ, ಕಳದಂಚಿನ ಗಿಡ

ಕಾಫಿ ಕೊಯ್ಲಾಗಿ ಕಳದ ಕೆಲಸ ಜೋರಾಗುವ ಹೊತ್ತಿಗೆ ಕೆಲಸದವರಲ್ಲಿ ಕೆಲವರಿಗೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ವಿಪರೀತ ತುರಿ ಏಳುವುದನ್ನು ಸದಸ್ಯರು ಕಂಡೇ ಇರುತ್ತಾರೆ. ಬಟ್ಟೆಯೊಳಗಿನ ಮೈಗೆ ಏನೂ ಆಗಿರುವುದಿಲ್ಲ. ಬಿಸಿಲು ಗಾಳಿ ತಾಗುವ ಭಾಗ ಮಾತ್ರ ಕೆಂಪಾಗಿ, ವರ್ಷ ಕಳೆದಂತೆ ಕಪ್ಪಾಗಿ ದಡ್ಡುಗಟ್ಟುತ್ತದೆ. ಇದನ್ನು ಕಜ್ಜಿಯೆಂದು ದೂರವಿಡುವವರಿದ್ದಾರೆ, ರಕ್ತ ಕೆಟ್ಟಿದೆಯೆನ್ನುವವರಿದ್ದಾರೆ. ನಾಗದೋಷವೆಂದು ಸುಬ್ರಹ್ಮಣ್ಯಕ್ಕೆ ಹರಕೆ ಹೊರುವವರೂ ಇದ್ದಾರೆ. ಹರಕೆಗೆ ನಮ್ಮ ಆಕ್ಷೇಪವಿಲ್ಲ. ಆದರೆ ದೋಷ ಅನೇಕ ವೇಳೆ ಕಳದ ಅಂಚಿನಲ್ಲೇ ಬಿಳಿ ಹೂ ಬಿಟ್ಟುಕೊಂಡು ನಿಂತಿರುತ್ತದೆ.

ಅದೇ ಪಾರ್ಥೇನಿಯಂ, ನಮ್ಮ ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಅಮೆರಿಕದ ಕಳೆ ಕೆಲವೇ ವರ್ಷಗಳಲ್ಲಿ ಬಯಲುಸೀಮೆಯನ್ನು ಆವರಿಸಿತು. 1975ರಲ್ಲಿ ನಮ್ಮ ರಾಜ್ಯ ಸರ್ಕಾರ ಇದನ್ನು ಪೀಡೆಯ ಕಳೆಯೆಂದು ಕಾನೂನಿನನ್ವಯ ಸಾರಿತು. 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಎಲೆ ತಿನ್ನುವ ದುಂಬಿಯನ್ನು ಬಿಟ್ಟದ್ದೂ ಆಯಿತು. ಕಾನೂನು ಕಾಗದದಲ್ಲಿ ಉಳಿಯಿತು, ದುಂಬಿ ಮಳೆಗಾಲದಲ್ಲಷ್ಟೇ ಚುರುಕು. ತೋಟದ ನೆರಳಿನಲ್ಲಿ ಈ ಗಿಡ ಸೊರಗುತ್ತದೆಂಬುದು ನಮ್ಮ ಪುಣ್ಯ. ಕಳದ ಸುತ್ತು, ರಸ್ತೆಯ ಬದಿ, ಲೈನುಮನೆಯ ಹಿತ್ತಲು, ಇವು ಅದರ ಜಾಗ. ಬಯಲುಸೀಮೆಯಿಂದ ಲಾರಿಯಲ್ಲಿ ತರಿಸುವ ಕೊಟ್ಟಿಗೆ ಗೊಬ್ಬರದೊಡನೆ ಬೀಜ ಬರುತ್ತದೆ. ಗೊಬ್ಬರ ಸುರಿದ ಜಾಗವನ್ನು ಮೊದಲ ಮಳೆಯ ನಂತರ ನೋಡಿದರೆ ತಿಳಿಯುತ್ತದೆ.

ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಗ್ಗದವರ ಚರ್ಮವನ್ನು ಕೆರಳಿಸುತ್ತದೆ. ಗಿಡವನ್ನು ಮುಟ್ಟಲೇಬೇಕೆಂದಿಲ್ಲ; ಒಣಗಿದ ಎಲೆ, ಹೂವಿನ ಪುಡಿ ಧೂಳಿನೊಡನೆ ಹಾರಿ ಬಂದು ಮೈಗೆ ಕೂತರೂ ಸಾಕು. ಇಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ವರ್ಷಗಟ್ಟಲೆ ಹೀಗೆ ನರಳಿದ ಕೆಲವರಲ್ಲಿ ಚರ್ಮವು ಬಿಸಿಲನ್ನೇ ಸಹಿಸದಂತಾಗುತ್ತದೆ. ಆಮೇಲೆ ಗಿಡ ಹತ್ತಿರವಿಲ್ಲದಿದ್ದರೂ ಬಿಸಿಲಿಗೆ ನಿಂತರೆ ಉರಿ, ತುರಿ. ಬಿಸಿಲಿನಲ್ಲಿ ದುಡಿದು ಉಣ್ಣುವವನಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ, ಮೂರು ನಾಲ್ಕು ಮದ್ದು ಬೆರೆಸಿದ ಮುಲಾಮು ಎರಡು ದಿನ ತಂಪೆನಿಸುತ್ತದೆ. ಅದರಲ್ಲಿನ ಸ್ಟಿರಾಯ್ಡನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷಿಸಿ ಕಾರಣ ಹೇಳಬಲ್ಲರು. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡದ ಕೆಲವು ಮಾತ್ರೆಗಳೂ ಬಿಸಿಲಿಗೆ ಚರ್ಮವನ್ನು ಕೆರಳಿಸುವುದುಂಟು. ನುಂಗುವ ಮಾತ್ರೆಗಳನ್ನು ವೈದ್ಯರಿಗೆ ತೋರಿಸಬೇಕು, ತಾವಾಗಿ ನಿಲ್ಲಿಸಬಾರದು.

ಕಳೆನಾಶಕ ಹೊಡೆದರೆ ಸುಲಭವಲ್ಲವೇ ಎಂದು ಕೆಲವು ಸದಸ್ಯರು ಕೇಳುತ್ತಾರೆ. ಬಲಿತ ಗಿಡಕ್ಕೆ ಹೊಡೆದರೆ ಅದು ನಿಂತಲ್ಲೇ ಒಣಗಿ ಪುಡಿಯಾಗಿ ಹಾರುತ್ತದೆ. ಸತ್ತ ಗಿಡದಲ್ಲೂ ವಿಷ ಇದ್ದೇ ಇರುತ್ತದೆ. ನೆಲ ಹಸಿಯಿರುವಾಗ, ಹೂ ಬಿಡುವ ಮುನ್ನ ಬೇರುಸಹಿತ ಕೀಳುವುದೇ ಸರಿ. ಆಗ ಅದನ್ನು ಗೊಬ್ಬರದ ಗುಂಡಿಗೂ ಹಾಕಬಹುದು. ಕೀಳುವವರಿಗೆ ಕೈಗವಸು, ತುಂಬು ತೋಳಿನ ಅಂಗಿ, ಮೂಗು ಬಾಯಿಗೆ ಬಟ್ಟೆ ಬೇಕು. ಈಗಾಗಲೇ ತುರಿ ಇರುವವರನ್ನು ಈ ಕೆಲಸಕ್ಕೆ ಹಚ್ಚಲೇಬಾರದು. ತೆರವಾದ ಜಾಗದಲ್ಲಿ ಚಗಟೆ ಎರಚಿದರೆ ಕಳೆ ಮತ್ತೆ ತಲೆಯೆತ್ತುವುದು ಕಡಿಮೆಯಾಗುತ್ತದೆ.

ಇನ್ನು ಕೂಲಿಯ ಮಾತು. ತುರಿ ಬಂದವರಿಗೆ ‘ನಾಳೆಯಿಂದ ಬರಬೇಡ’ ಎನ್ನುವ ಪದ್ಧತಿ ಕೆಲವು ತೋಟಗಳಲ್ಲಿದೆ. ಇದು ನ್ಯಾಯವಲ್ಲವೆಂದು ಸ್ಪಷ್ಟವಾಗಿ ಹೇಳುತ್ತೇವೆ. ನಮ್ಮ ಕಳದ ಅಂಚಿನ ಗಿಡದಿಂದ ಬಂದ ಕಾಯಿಲೆಗೆ ಅವರ ಸಂಬಳ ಏಕೆ ಹೋಗಬೇಕು? ಅಡಿಕೆ ಸುಲಿಯುವುದು, ನರ್ಸರಿ ಚೀಲಕ್ಕೆ ಮಣ್ಣು ತುಂಬುವುದು, ಗೋದಾಮಿನಲ್ಲಿ ಬೀಜ ಆರಿಸುವುದು, ಹೀಗೆ ನೆರಳಿನ ಕೆಲಸ ನಮ್ಮಲ್ಲಿ ಬೇಕಾದಷ್ಟಿದೆ. ಅದನ್ನು ಅದೇ ಕೂಲಿಗೆ ಕೊಡಬೇಕು. ಎರಡು ಎಕರೆಯ ಹಿಡುವಳಿದಾರನಿಗೆ ಇದು ಭಾರವೆಂಬುದು ನಮಗೆ ಗೊತ್ತು. ಆತನೂ ಮನೆಯವರೂ ಸ್ವತಃ ಕಳದಲ್ಲಿ ದುಡಿಯುವವರೇ, ತುರಿ ಅವರನ್ನೂ ಬಿಡುವುದಿಲ್ಲ.

ಆದ್ದರಿಂದ ಬರುವ ಮಹಾಸಭೆಯಲ್ಲಿ ಕೈಗವಸಿನ ಖರೀದಿಗೂ ರಸ್ತೆಬದಿಯ ಗಿಡ ಕೀಳಿಸುವುದಕ್ಕೂ ಸಂಘದ ನಿಧಿಯಿಂದ ಒಂದು ಮೊಬಲಗನ್ನು ತೆಗೆದಿಡುವ ಸೂಚನೆಯನ್ನು ಮಂಡಿಸಲಿದ್ದೇವೆ. ಮೊದಲ ಮಳೆ ಬಿದ್ದೊಡನೆ ಸಂಘದ ಗೋದಾಮಿನ ಆವರಣದಿಂದಲೇ ಕೆಲಸ ಪ್ರಾರಂಭವಾಗಲಿ. ಒಪ್ಪದ ಸದಸ್ಯರು ಸಭೆಗೆ ಬಂದು ವಾದಿಸಬೇಕಾಗಿ ಕೋರಿಕೆ.