ಸುಖದುಃಖದ ಮೇಲೆ ಸುಂಕ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಗಾದೆ ಕಟ್ಟಿದರು. ಅವರ ಕಾಲದ ಸುಂಕದವನು ಎತ್ತಿನ ಮೇಲಿನ ಹೇರಿಗೆ ಮಾತ್ರ ಸುಂಕ ಕೇಳುತ್ತಿದ್ದ. ಸುಖದುಃಖವನ್ನು ಕಿವಿಗೆ ಹಾಕಿಕೊಳ್ಳದಿದ್ದರೂ ಅದಕ್ಕೇ ದರ ಕಟ್ಟುವಷ್ಟು ಅವನು ಮುಂದುವರಿದಿರಲಿಲ್ಲ. ಈ ಕಾಲದ ಸುಂಕದವನು ಮುಂದುವರಿದಿದ್ದಾನೆ. ಭಟ್ಕಳ, ಕುಂದಾಪುರ, ಉಡುಪಿ, ಮಂಗಳೂರು ಕಡೆಯಿಂದ ದುಬೈಗೆ, ಅಬುಧಾಬಿಗೆ, ಶಾರ್ಜಾಕ್ಕೆ ದುಡಿಯಲು ಹೋದ ಹುಡುಗ ಮನೆಗೆ ಫೋನು ಮಾಡಿ ತಾಯಿಯ ಮೊಣಕಾಲು ನೋವು ವಿಚಾರಿಸಿದರೆ, ಮಗುವಿನ ಶಾಲೆಯ ಫೀಜು ಕಟ್ಟಿದಿರಾ ಎಂದು ಕೇಳಿದರೆ, ಅವನ ಮುಂಗಡ ಹಣ ನಿಮಿಷ ನಿಮಿಷಕ್ಕೂ ಕರಗುತ್ತದೆ. ತಾಯಿ ಅತ್ತರೆ ಅಳುವ ನಿಮಿಷಕ್ಕೂ ದರವುಂಟು.

ಈ ಮಾತು ಎತ್ತಿದೊಡನೆ ಪಟ್ಟಣದ ಬುದ್ಧಿವಂತರು ಒಂದು ಉಪದೇಶ ಕೊಡುತ್ತಾರೆ: ನಾಲ್ಕು ಕಂಪನಿಗಳ ಪ್ರೀಪೇಯ್ಡ್ ದರ ಹೋಲಿಸಿ ನೋಡಬೇಕು, ಅಗ್ಗವಾದುದನ್ನು ಆರಿಸಿಕೊಳ್ಳಬೇಕು, ಇದರಲ್ಲಿ ರಾಜಕೀಯವೇನು ಬಂತು? ರಾಜಕೀಯ ಬಂದದ್ದು ಎಲ್ಲಿಂದ ಎಂಬುದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಆರಿಸಿಕೊಳ್ಳಲು ಏನಿದೆ?

ಸಂಯುಕ್ತ ಅರಬ್ ಸಂಸ್ಥಾನದಲ್ಲಿ 1976ರಲ್ಲಿ ಎತಿಸಲಾತ್ ಎಂಬ ಕಂಪನಿ ಹುಟ್ಟಿತು. ಮೂವತ್ತು ವರ್ಷ ಅದೊಂದೇ. 2007ರಲ್ಲಿ ಡೂ ಎಂಬ ಎರಡನೆಯ ಕಂಪನಿಯ ಮೊಬೈಲು ಬಂತು. 2017ರಲ್ಲಿ ವರ್ಜಿನ್ ಮೊಬೈಲ್ ಎಂಬ ಮೂರನೆಯ ಹೆಸರು ಕಾಣಿಸಿಕೊಂಡಿತು. ವಿಚಾರಿಸಿದರೆ ಅದನ್ನು ನಡೆಸುವುದೂ ಡೂ ಕಂಪನಿಯ ಒಡೆಯರೇ. ಎತಿಸಲಾತ್‌ನಲ್ಲಿ ನೂರಕ್ಕೆ ಅರವತ್ತು ಪಾಲು ಅಲ್ಲಿನ ಕೇಂದ್ರ ಸರ್ಕಾರದ್ದು. ಡೂ ಕಂಪನಿಯಲ್ಲಿಯೂ ಸರ್ಕಾರಿ ಬಂಡವಾಳದ್ದೇ ಮೇಲುಗೈ. ಎರಡೂ ಕಂಪನಿಗಳು ತಮ್ಮ ಗಳಿಕೆಯಲ್ಲಿ ರಾಜಧನವೆಂದು ಒಂದು ಪಾಲನ್ನು ಸರ್ಕಾರದ ಬೊಕ್ಕಸಕ್ಕೆ ಸಲ್ಲಿಸಬೇಕು. ಹೀಗಿರುವಾಗ ದರ ಹೋಲಿಸಿ ನೋಡಿರೆಂಬುದು ಒಬ್ಬನೇ ಸಾಹುಕಾರನ ಎರಡು ಅಂಗಡಿಗಳ ನಡುವೆ ಚೌಕಾಸಿ ಮಾಡಿರೆಂದು ಹೇಳಿದಂತೆ.

ಅಂಗಡಿಯೇ ಬೇಡ, ವಾಟ್ಸಾಪಿನಲ್ಲಿ ಪುಕ್ಕಟೆ ಮಾತಾಡಬಹುದಲ್ಲ ಎಂದು ಊರಿನಲ್ಲಿರುವವರು ಕೇಳುತ್ತಾರೆ. ಲೋಕವೆಲ್ಲ ಹಾಗೆ ಮಾತಾಡತೊಡಗಿದಾಗ ಆ ದೇಶದಲ್ಲಿ ಆ ದಾರಿಗೆ ಬೀಗ ಹಾಕಿದ್ದರು. ವಾಟ್ಸಾಪಿನಲ್ಲಿ ಅಕ್ಷರ ಕಳಿಸಬಹುದು, ಚಿತ್ರ ಕಳಿಸಬಹುದು, ಕರೆ ಮಾತ್ರ ಹೋಗದು. 2017ರ ಕೊನೆಯಲ್ಲಿ ಸ್ಕೈಪ್ ಕೂಡ ನಿಂತಿತು. ಅದಾದ ಕೆಲವೇ ದಿನಗಳಲ್ಲಿ, 2018ರ ಜನವರಿಯಲ್ಲಿ, ಕಂಪನಿಗಳು ಹೊಸ ಯೋಜನೆಯೊಂದನ್ನು ಹೊರತಂದವು: ತಿಂಗಳಿಗೆ 50 ದಿರ್ಹಂ ಕೊಟ್ಟರೆ ಬೋಟಿಮ್ ಮೊದಲಾದ ಒಪ್ಪಿತ ಆ್ಯಪುಗಳಲ್ಲಿ ಮಾತಾಡಬಹುದು. ಅದರ ಮೇಲೆ ಅದೇ ತಿಂಗಳು ಜಾರಿಗೆ ಬಂದ ನೂರಕ್ಕೆ 5ರ ತೆರಿಗೆ ಬೇರೆ. ಊರಿನ ಮುದುಕಿಯೂ ತನ್ನ ಫೋನಿನಲ್ಲಿ ಅದೇ ಆ್ಯಪು ಹಾಕಿಸಿಕೊಂಡಿರಬೇಕು. ಮೊದಲು ಬಾವಿಗೆ ಬೀಗ, ಆಮೇಲೆ ಬಿಂದಿಗೆಗೆ ದರ.

ಎರಡು ದಿನದ ಕೂಲಿ

ಐವತ್ತು ದಿರ್ಹಂ ದೊಡ್ಡ ಮೊತ್ತವೇ ಎಂದು ಕೇಳುವವರಿದ್ದಾರೆ. ಗಾಜಿನ ಕಟ್ಟಡದ ಆಫೀಸಿನಲ್ಲಿ ಕೂತವನಿಗೆ ಅಲ್ಲ. ಆದರೆ ಆ ಕಟ್ಟಡವನ್ನು ಕಟ್ಟಿದವನ ಲೆಕ್ಕ ಬೇರೆ. 2020ರ ಸೆಪ್ಟೆಂಬರಿನಲ್ಲಿ ನಮ್ಮ ಭಾರತ ಸರ್ಕಾರವೇ, ಈ ದೇಶಕ್ಕೆ ಹೋಗುವ ಕಾರ್ಮಿಕನಿಗೆ ಗೊತ್ತುಮಾಡಿದ ಕನಿಷ್ಠ ವೇತನವನ್ನು ತಿಂಗಳಿಗೆ 200 ಡಾಲರಿಗೆ ಇಳಿಸಿತು. ಟೀಕೆ ಬಂದ ಮೇಲೆ 2021ರಲ್ಲಿ ಆ ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡರು; ಆದರೆ ದೆಹಲಿಯ ಕಣ್ಣಿನಲ್ಲಿ ನಮ್ಮವನ ದುಡಿಮೆಗೆ ಎಷ್ಟು ಬೆಲೆಯೆಂಬುದು ಅಷ್ಟರಲ್ಲಿ ತಿಳಿದುಹೋಯಿತು. 200 ಡಾಲರೆಂದರೆ ಸುಮಾರು 734 ದಿರ್ಹಂ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 25 ದಿರ್ಹಮೂ ಪೂರಾ ಬೀಳುವುದಿಲ್ಲ. ಅಂತಹವನು ಹೆಂಡತಿಮಕ್ಕಳ ದನಿ ಕೇಳಲು ತಿಂಗಳಿಗೆ 50 ದಿರ್ಹಂ ತೆತ್ತರೆ ಎರಡು ದಿನದ ಕೂಲಿ ಮಾಯವಾಯಿತು. ಬಿಸಿಲಿನಲ್ಲಿ ಎರಡು ದಿನ ಕಬ್ಬಿಣ ಹೊತ್ತದ್ದು ಮನೆಗಲ್ಲ, ಮನೆಯೊಡನೆ ಮಾತಾಡುವ ಅಪ್ಪಣೆಗೆ.

ಕಳ್ಳದಾರಿ ಹಿಡಿಯೋಣವೆಂದರೆ ಅದಕ್ಕೂ ಕಾನೂನುಂಟು. ವಿಪಿಎನ್ ಹಾಕಿಕೊಂಡರೆ ಎಲ್ಲಾ ಸಿಗುತ್ತದೆಂದು ಕೋಣೆಯ ಸಂಗಾತಿಗಳು ಹೇಳಿಕೊಡುತ್ತಾರೆ. ಗುರುತು ಮರೆಮಾಚಿ ಅಪರಾಧ ನಡೆಸಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮಿನವರೆಗೆ ದಂಡ, ಸೆರೆವಾಸವೂ ಉಂಟೆಂದು 2016ರಲ್ಲಿ ಅಲ್ಲಿನ ಕಾನೂನನ್ನು ಬಿಗಿಗೊಳಿಸಿದ್ದಾರೆ. ಆ 734 ದಿರ್ಹಂ ಸಂಬಳದವನಿಗೆ ಕನಿಷ್ಠ ದಂಡವೇ ಐವತ್ತಾರು ವರ್ಷದ ದುಡಿಮೆ. ತಾಯಿಯೊಡನೆ ಮಾತಾಡುವುದು ಈ ಕಾನೂನಿನ ಪ್ರಕಾರ ಅಪರಾಧವೇ ಎಂದು ಬಡ ಕೂಲಿಗಾರ ಯಾವ ವಕೀಲನನ್ನು ಕೇಳಬೇಕು?

ಭದ್ರತೆಯ ನೆಪ

ಲೈಸೆನ್ಸು ಇಲ್ಲದ ಆ್ಯಪುಗಳನ್ನು ಬಿಟ್ಟರೆ ದೇಶದ ಭದ್ರತೆಗೆ ಭಂಗ ಬರುತ್ತದೆ ಎಂಬ ವಾದವೊಂದುಂಟು. ಭದ್ರತೆಯ ಪ್ರಶ್ನೆ ನಿಜವಾಗಿದ್ದರೆ 2020ರ ಮಾರ್ಚಿನಲ್ಲಿ ನಡೆದದ್ದೇನು? ಕೋವಿಡ್ ಬಂತು, ಆಫೀಸುಗಳು ಮನೆಗೆ ಬಂದವು, ಶಾಲೆಗಳು ಮನೆಗೆ ಬಂದವು. ಕೂಡಲೇ ಜೂಮ್, ಮೈಕ್ರೋಸಾಫ್ಟ್ ಟೀಮ್ಸ್ ಮೊದಲಾದ ಆ್ಯಪುಗಳಿಗೆ ಅಪ್ಪಣೆ ದೊರೆಯಿತು. ಆದರೆ ವಾಟ್ಸಾಪ್ ಕರೆಯ ಮೇಲಿನ ತಡೆ ಆಗಲೂ ಹೋಗಲಿಲ್ಲ. ಮ್ಯಾನೇಜರು ಲಂಡನ್ನಿನೊಡನೆ ವ್ಯವಹಾರ ಮಾತಾಡಿದರೆ ಭದ್ರತೆಗೆ ಧಕ್ಕೆಯಿಲ್ಲ; ಸಾಯುವ ಭಯದಲ್ಲಿ ಕೂಲಿಗಾರ ಬೈಂದೂರಿನೊಡನೆ ಮಾತಾಡಿದರೆ ಧಕ್ಕೆ! ಇದು ಎಂತಹ ಭದ್ರತೆ?

ನೆರೆಯ ಸೌದಿ ಅರೇಬಿಯಾ 2017ರ ಸೆಪ್ಟೆಂಬರಿನಲ್ಲಿ ಇಂತಹದೇ ತಡೆಯನ್ನು ಸಡಿಲಿಸಿ, ತನ್ನ ನಿಯಮಕ್ಕೆ ಒಪ್ಪಿದ ಆ್ಯಪುಗಳನ್ನು ಬಿಟ್ಟಿತು. ಅದರಿಂದ ಸೌದಿ ರಾಜ್ಯ ಮುಳುಗಲಿಲ್ಲ. ಅಪಾಯ ಭದ್ರತೆಗಲ್ಲ, ಗಲ್ಲಾಪೆಟ್ಟಿಗೆಗೆ.

ಇಲ್ಲಿ ನಮ್ಮ ಸಮಾಜವಾದಿ ಮಿತ್ರರೂ ಗಮನಿಸತಕ್ಕ ಮಾತೊಂದಿದೆ. ಸರ್ಕಾರದ ಒಡೆತನವೆಲ್ಲ ಸಮಾಜವಾದವಲ್ಲ. ಸರ್ಕಾರವೇ ವ್ಯಾಪಾರಿಯಾಗಿ, ಕಾನೂನನ್ನೂ ತಾನೇ ಬರೆದು, ಪೊಲೀಸರನ್ನೂ ತಾನೇ ಇಟ್ಟುಕೊಂಡು ಲಾಭ ಮಾಡಲು ನಿಂತರೆ ಖಾಸಗಿ ಸಾಹುಕಾರನಿಗಿಂತ ಕಠೋರನಾಗಬಲ್ಲದು. ನಮ್ಮ ದೇಶವೂ ಈ ಪಾಪದಿಂದ ಹೊರತಲ್ಲ. ಪರದೇಶದ ಕರೆಗಳ ಏಕಸ್ವಾಮ್ಯ ವಿದೇಶ ಸಂಚಾರ ನಿಗಮದ ಕೈಯಲ್ಲಿದ್ದಷ್ಟು ಕಾಲ ಇಂಟರ್‌ನೆಟ್ಟಿನ ಮೇಲೆ ಮಾತಾಡುವುದು ಇಲ್ಲಿಯೂ ನಿಷಿದ್ಧವಾಗಿತ್ತು. 2002ರ ಏಪ್ರಿಲ್ 1ರಿಂದಷ್ಟೇ ಅದಕ್ಕೆ ಅಪ್ಪಣೆ ಬಂತು. ಅದಕ್ಕೆ ಎರಡು ತಿಂಗಳು ಮುಂಚೆ ನಿಗಮವನ್ನೇ ಟಾಟಾರವರಿಗೆ ಮಾರಿದ್ದರು. ಸಾರ್ವಜನಿಕ ಉದ್ಯಮವು ಸಾರ್ವಜನಿಕರಿಗೆ ಅಗ್ಗದ ಮಾತನ್ನು ಕೊಟ್ಟಿದ್ದರೆ ಅದನ್ನು ಮಾರುವ ದಿನ ಜನ ಬೀದಿಗೆ ಬರುತ್ತಿದ್ದರು.

ಸಂತೆಗೆ ಬಿಟ್ಟರೆ?

ಹಾಗಾದರೆ ಎಲ್ಲವನ್ನೂ ಪೈಪೋಟಿಗೆ ಬಿಟ್ಟರೆ ಸರಿಹೋಗುವುದೇ? ಪೈಪೋಟಿಯ ತವರಾದ ಅಮೆರಿಕದ ಕಥೆ ಕೇಳಿ. ವಲಸೆಗಾರರು ಊರಿಗೆ ಮಾತಾಡಲು ಕೊಳ್ಳುವ ಪ್ರೀಪೇಯ್ಡ್ ಕಾರ್ಡುಗಳು ಅಲ್ಲಿ ಮೂಲೆಮೂಲೆಯ ಅಂಗಡಿಯಲ್ಲಿ ಸಿಗುತ್ತಿದ್ದವು. 2008ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ನು ಅಂತಹ ಕಾರ್ಡು ಮಾರುವವರ ಮೇಲೆ ನ್ಯಾಯಾಲಯಕ್ಕೆ ಹೋಯಿತು. ತಾನು ಪರೀಕ್ಷಿಸಿದ ಕಾರ್ಡುಗಳಲ್ಲಿ ಜಾಹೀರಾತಿನಲ್ಲಿ ಹೇಳಿದ ನಿಮಿಷಗಳ ಸುಮಾರು ಅರ್ಧದಷ್ಟು ಮಾತ್ರ ಸಿಕ್ಕಿತೆಂಬುದು ಅದರ ದೂರು. ಉಳಿದ ನಿಮಿಷಗಳನ್ನು ಮುಚ್ಚಿಟ್ಟ ಶುಲ್ಕಗಳು ನುಂಗುತ್ತಿದ್ದವು. ಮುಂಗಡ ಕೊಡುವ ಬಡವನಿಗೆ ಮೋಸ ಗೊತ್ತಾಗುವುದು ಮಾತು ನಡುವೆ ಕಡಿದಾಗಲೇ.

ಇದಕ್ಕೆ ಬೇರೆ ದಾರಿಯೂ ಉಂಟೆಂದು ಯೂರೋಪು ತೋರಿಸಿದೆ. ಯೂರೋಪು ಒಕ್ಕೂಟ 2017ರ ಜೂನ್ 15ರಿಂದ ತನ್ನ ದೇಶಗಳೊಳಗಿನ ರೋಮಿಂಗ್ ಸುಲಿಗೆಯನ್ನು ತೆಗೆದುಹಾಕಿತು. 2019ರ ಮೇ 15ರಿಂದ, ಒಂದು ದೇಶದಿಂದ ಒಕ್ಕೂಟದ ಇನ್ನೊಂದು ದೇಶಕ್ಕೆ ಮಾಡುವ ಕರೆಗೆ ನಿಮಿಷಕ್ಕೆ, ತೆರಿಗೆ ಬಿಟ್ಟು, 19 ಸೆಂಟಿಗಿಂತ ಹೆಚ್ಚು ಕೇಳಕೂಡದೆಂದು ಕಟ್ಟು ಮಾಡಿತು. ಕಂಪನಿಗಳು ಗೊಣಗಿದವು, ಕಾನೂನು ನಿಂತಿತು. ಮಾತಿನ ದರವು ಮಳೆಬೆಳೆಯ ಹಾಗೆ ದೇವರು ಕೊಟ್ಟದ್ದಲ್ಲ. ಸರ್ಕಾರಗಳು ಮನಸ್ಸು ಮಾಡಿದರೆ ಇಳಿಯುತ್ತದೆ.

ದೆಹಲಿಯ ಪಾಲು

ಪರದೇಶದಿಂದ ಬಂದ ಕರೆಯನ್ನು ಇಲ್ಲಿ ಮುಟ್ಟಿಸುವುದಕ್ಕೆ ನಮ್ಮ ಫೋನ್ ಕಂಪನಿಗಳು ಅಲ್ಲಿನವರಿಂದ ಶುಲ್ಕ ಪಡೆಯುತ್ತವೆ. ಇದನ್ನು ಗೊತ್ತುಮಾಡುವುದು ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್. 2015ರಲ್ಲಿ ನಿಮಿಷಕ್ಕೆ 53 ಪೈಸೆ ಎಂದಿತು. 2018ರ ಫೆಬ್ರುವರಿಯಿಂದ 30 ಪೈಸೆಗೆ ಇಳಿಸಿತು. 2020ರ ಮೇ ತಿಂಗಳಿಂದ 35ರಿಂದ 65 ಪೈಸೆಯೊಳಗೆ ಕಂಪನಿಗಳೇ ಗೊತ್ತುಮಾಡಿಕೊಳ್ಳಲಿ ಎಂದು ಬಿಟ್ಟಿತು. ದೇಶದೊಳಗಿನ ಕರೆ ಮುಟ್ಟಿಸುವುದಕ್ಕೋ, 2021ರ ಜನವರಿ 1ರಿಂದ ಇಂತಹ ಶುಲ್ಕವೇ ಇಲ್ಲ! ಬೆಂಗಳೂರಿನಿಂದ ಬಂದ ಕರೆಯನ್ನು ಅದೇ ತಾಯಿಯ ಅದೇ ಫೋನಿಗೆ ಸೊನ್ನೆ ಪೈಸೆಗೆ ಮುಟ್ಟಿಸುವ ಕಂಪನಿ, ದುಬೈಯಿಂದ ಬಂದ ಕರೆಗೆ 65 ಪೈಸೆಯವರೆಗೆ ಪಡೆಯಬಹುದು. ಈ ಪೈಸೆಗಳನ್ನು ಕೊನೆಗೆ ತೆರುವವನು ಅರಬ್ ಶೇಖನೇ? ಅಲ್ಲ, ರೀಚಾರ್ಜು ಮಾಡಿಸಿಕೊಂಡ ನಮ್ಮ ಕೂಲಿಗಾರ.

ಇನ್ನೊಂದು ಕಡೆ ನಮ್ಮ ಮಂತ್ರಿಗಳು 2003ರಿಂದ ಪ್ರವಾಸಿ ಭಾರತೀಯ ದಿವಸವನ್ನು ಆಚರಿಸುತ್ತ ಬಂದಿದ್ದಾರೆ. 2017ರಲ್ಲಿ ಬೆಂಗಳೂರಿನಲ್ಲಿಯೇ ಅದರ ವೈಭವ ನಡೆಯಿತು. ವೇದಿಕೆಯ ಮೇಲೆ ಕೋಟಿವಂತರು, ಭಾಷಣದಲ್ಲಿ ಮಾತ್ರ ಬೆವರು. 2022ರಲ್ಲಿ ಪರದೇಶದ ಭಾರತೀಯರು ದೇಶಕ್ಕೆ ಕಳಿಸಿದ ಹಣ ಹತ್ತು ಸಾವಿರ ಕೋಟಿ ಡಾಲರನ್ನು ದಾಟಿತು; ಲೋಕದ ಯಾವ ದೇಶಕ್ಕೂ ಇಷ್ಟು ಬಂದಿಲ್ಲ. ಅದೇ ವರ್ಷ ಸಂಯುಕ್ತ ಅರಬ್ ಸಂಸ್ಥಾನದೊಡನೆ ದೊಡ್ಡ ವ್ಯಾಪಾರ ಒಪ್ಪಂದಕ್ಕೆ ರುಜು ಹಾಕಿದರು. ಚಿನ್ನಾಭರಣದ ಸುಂಕ ಇಳಿಸಲು ತಲೆ ಕೆಡಿಸಿಕೊಂಡವರಿಗೆ ಸುಖದುಃಖದ ಸುಂಕ ನೆನಪಾಗಬಾರದೇ? ಹಣ ಕಳಿಸುವ ಖರ್ಚನ್ನು 2030ರೊಳಗೆ ನೂರಕ್ಕೆ 3ಕ್ಕಿಂತ ಕೆಳಗೆ ತರಬೇಕೆಂದು ವಿಶ್ವಸಂಸ್ಥೆಯ ಗುರಿಗಳಲ್ಲಿ ಬರೆದಿದೆ. ದುಡಿಯುವವನ ಹಣ ಅಗ್ಗವಾಗಿ ಬರಬೇಕು. ಅವನ ದನಿ ದುಬಾರಿಯಾದರೆ ಯಾರಿಗೂ ಚಿಂತೆಯಿಲ್ಲ.

ನಾವು ಕೇಳುವುದು

ಒಂದು: ಕೊಲ್ಲಿ ರಾಷ್ಟ್ರಗಳೊಡನೆ ಕಾರ್ಮಿಕರ ವಿಷಯ ಮಾತಾಡುವಾಗ, ಮನೆಯೊಡನೆ ಅಡ್ಡಿಯಿಲ್ಲದೆ ಮಾತಾಡುವುದನ್ನು ಕಾರ್ಮಿಕನ ಹಕ್ಕೆಂದು ಭಾರತ ಸರ್ಕಾರ ಮುಂದಿಡಬೇಕು.

ಎರಡು: ಕೆಲಸದ ಕರಾರಿನಲ್ಲಿ ಊಟ ವಸತಿಯ ಜೊತೆಗೆ, ಮಾಲೀಕನ ಖರ್ಚಿನಲ್ಲಿ ವಾರಕ್ಕಿಷ್ಟು ನಿಮಿಷ ಮನೆಗೆ ಕರೆ ಎಂಬ ಷರತ್ತು ಸೇರಬೇಕು.

ಮೂರು: ಕರೆಯ ದರ ಇಳಿಸಲು ಒಪ್ಪುವ ದೇಶದಿಂದ ಬರುವ ಕರೆಗೆ ನಮ್ಮ ಕಡೆಯ ಶುಲ್ಕವನ್ನೂ ತೆಗೆದುಹಾಕಬೇಕು. ಬರಿದೆ ಇಳಿಸಿದರೆ ಲಾಭ ಅಲ್ಲಿನ ಕಂಪನಿಯ ಜೇಬಿಗೆ ಹೋದೀತು. ಕೊಡುಕೊಳ್ಳುವ ಒಪ್ಪಂದವೇ ಆಗಬೇಕು.

ನಾಲ್ಕು: ನಮ್ಮದೇ ಆದ ಬಿಎಸ್ಸೆನ್ನೆಲ್ ಇನ್ನೂ ಉಳಿದಿದೆ. ಹೊರದೇಶದಲ್ಲಿ ದುಡಿಯುವವರ ಮನೆಯವರಿಗಾಗಿ ಅದು ಅಗ್ಗದ ದರ ಗೊತ್ತುಮಾಡಲಿ. ಹುಡುಗ ಮಿಸ್ಡ್ ಕಾಲ್ ಕೊಟ್ಟರೆ ಮನೆಯವರು ಇಲ್ಲಿಂದ ಧೈರ್ಯವಾಗಿ ಕರೆ ಮಾಡುವಂತಿರಬೇಕು.

ಐದು: ಹೊರಡುವ ಮುಂಚೆ ಕಾರ್ಮಿಕರಿಗೆ ಕೊಡುವ ಸರ್ಕಾರಿ ತರಬೇತಿಯಲ್ಲಿ ಫೋನಿನ ದರಗಳನ್ನು ಕನ್ನಡದಲ್ಲಿ ಬರೆದು ಕೈಗೆ ಕೊಡಬೇಕು.

ಇವೆಲ್ಲ ಆಗುವವರೆಗೆ ಹೋಗುವವರಿಗೆ ನಾಲ್ಕು ಮಾತು. ಸಿಮ್ಮು ಕೊಳ್ಳುವಾಗ ನಿಮಿಷದ ದರವನ್ನಷ್ಟೇ ಕೇಳಬೇಡಿ. ಲೆಕ್ಕ ನಿಮಿಷಕ್ಕೋ ಸೆಕೆಂಡಿಗೋ, ಕರೆ ಸೇರಿದ ಕೂಡಲೇ ಬೇರೆ ಶುಲ್ಕ ಉಂಟೋ, ತೆರಿಗೆ ಸೇರಿದೆಯೋ, ಹಾಕಿದ ಹಣ ಎಷ್ಟು ದಿನ ಬಾಳುತ್ತದೆ, ತಿಂಗಳ ಪ್ಯಾಕು ನಮ್ಮನ್ನು ಕೇಳದೆ ತಾನಾಗಿ ಮುಂದುವರಿಯುತ್ತದೆಯೋ, ಇಷ್ಟನ್ನೂ ಕೇಳಿ ಆಮೇಲೆ ಹಣ ಬಿಚ್ಚಿ. ತಿಂಗಳಿಗೆ ನೀವು ಆಡುವ ನಿಮಿಷಗಳಿಂದ ಒಟ್ಟು ಖರ್ಚನ್ನು ಭಾಗಿಸಿ ನೋಡಿದರೆ ನಿಜವಾದ ದರ ತಿಳಿಯುತ್ತದೆ. ಆ ಲೆಕ್ಕವನ್ನು ಬರೆದು ಈ ಪತ್ರಿಕೆಗೂ ಕಳಿಸಿ. ನಿಮ್ಮ ಹೆಸರಿಲ್ಲದೆ ಪ್ರಕಟಿಸುತ್ತೇವೆ.

ಮನೆಯಲ್ಲಿರುವವರಿಗೂ ಒಂದು ಮಾತು. ಮುಂದಿನ ಚುನಾವಣೆಯಲ್ಲಿ ಕೈಮುಗಿದು ಬಾಗಿಲಿಗೆ ಬಂದವನನ್ನು, ಕೊಲ್ಲಿಯಲ್ಲಿರುವ ನಮ್ಮ ಮಗನೊಡನೆ ಮಾತಾಡಲು ಎಷ್ಟು ಖರ್ಚಾಗುತ್ತದೆಂದು ಗೊತ್ತೇ ಎಂದು ಕೇಳಿ. ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬಾ, ಅಲ್ಲಿಯವರೆಗೆ ಮತದ ಮಾತು ಬೇಡವೆಂದು ಹೇಳಿ ಕಳಿಸಿ.